ಮಿದುಳಿನ ಉಪನ್ಯಾಸಕ್ಕೆ ಹೋದದ್ದು

ಉಪನ್ಯಾಸಗಳಲ್ಲಿ ಬರುವಷ್ಟು ಒಳ್ಳೆಯ ನಿದ್ದೆ ನನಗೆ ಮನೆಯ ಹಾಸಿಗೆಯಲ್ಲೂ ಬರುವುದಿಲ್ಲ. ತೀರ್ಥಹಳ್ಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾ ನಾನೂ ಸಾಕಷ್ಟು ಮಂದಿಯನ್ನು ಮಲಗಿಸಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ಆದರೆ ಹೋದ ವರ್ಷ ಸಾಗರದಲ್ಲಿ ಕೇಳಿದ ಒಂದು ಉಪನ್ಯಾಸದಲ್ಲಿ ಮಾತ್ರ ಕೊನೆಯವರೆಗೂ ಎಚ್ಚರವಾಗಿದ್ದೆ. ಆ ಪುಣ್ಯದಲ್ಲಿ ಅರ್ಧ ನನ್ನ ಭಾವನಿಗೆ ಸೇರಬೇಕು.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ ಶ್ರೀಪಾದ. ರಿಪ್ಪನ್‌ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮೊಳೆ, ಪೈಪು ಮಾರಿ ಮಾರಿ, ಜಗತ್ತಿನ ಯಾವ ವಸ್ತುವಿಗಾದರೂ ಒಂದು ಅಳತೆ, ಒಂದು ಉಪಯೋಗ ಇರಲೇಬೇಕು ಎಂದು ನಂಬಿದ ಮನುಷ್ಯ. ಮಗಳು ಸಿಂಧು ಸಾಗರದಲ್ಲಿ ಬಿ.ಎಸ್ಸಿ. ಮುಗಿಸುತ್ತಿದ್ದಳು. ಬಿ.ಎಡ್. ಮಾಡಿ ಹತ್ತಿರದ ಶಾಲೆಗೆ ಸೇರಲಿ ಎಂದು ಅಪ್ಪ. ನರವಿಜ್ಞಾನವನ್ನೇ ಓದುತ್ತೇನೆ ಎಂದು ಮಗಳು.

"ನರ ಅಂದ್ರೆ ಎಂತ ಮಾರಾಯ್ರೆ? ಉಳುಕು ತೆಗೆಯೋ ಕೆಲ್ಸವಾ?" ಎಂದು ಭಾವ ನನ್ನನ್ನು ಫೋನಿನಲ್ಲಿ ಕೇಳಿದರು.

ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ವಿಶ್ವವಿದ್ಯಾಲಯವೊಂದು ಸಾಗರದಲ್ಲಿ ಸಾರ್ವಜನಿಕ ಉಪನ್ಯಾಸ ಏರ್ಪಡಿಸಿತು: ಮಿದುಳಿನ ಸಂಶೋಧನೆ, ಮತ್ತು ಆ ಓದಿಗೆ ಸಿಗುವ ಉದ್ಯೋಗಗಳು. "ಅಪ್ಪ ನನ್ ಮಾತು ಕೇಳಲ್ಲ ಮಾವ, ನೀವೇ ಕರ್ಕೊಂಡ್ ಬನ್ನಿ" ಎಂದಳು ಸಿಂಧು. ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿಸಿ ಭಾವನನ್ನು ಕರೆದೊಯ್ದೆ.

ಮಾತಾಡಿದವರು ನಡುವಯಸ್ಸಿನ ಹೆಂಗಸು, ಸಂಶೋಧಕಿ. ಸಿಟ್ಟು, ಭಯ, ಪ್ರೀತಿ ಎಲ್ಲಕ್ಕೂ ಮಿದುಳಿನಲ್ಲೇ ಕೆಲಸ ನಡೆಯುತ್ತದೆ ಎಂದು ಚಿತ್ರ ತೋರಿಸಿ ಹೇಳಿದರು. ಕನ್ನಡದವನಾಗಿ ನನಗೆ ಇದು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ನಾವು ಕಿಚ್ಚನ್ನು ಹೊಟ್ಟೆಯಲ್ಲಿಟ್ಟು, ಕನಿಕರಕ್ಕೆ ಕರುಳು ಚುರುಕ್ಕೆನ್ನಿಸಿ, ಧೈರ್ಯವನ್ನು ಗುಂಡಿಗೆಗೆ ವಹಿಸಿದವರು. ತಲೆಗೆ ಬಿಟ್ಟದ್ದು ನೋವು, ಹರಟೆ, ಬಿಸಿ, ಇಷ್ಟೇ. ಇನ್ನೊಬ್ಬರು ತಿನ್ನಲು ಬರುವುದೂ ಅದನ್ನೇ. ಇಂಥ ತಲೆಗೆ ಏಕಾಏಕಿ ಎಲ್ಲ ಅಧಿಕಾರ ಕೊಟ್ಟರೆ ಹೇಗೆ?

ಕೊನೆಗೆ ಪ್ರಶ್ನೆ ಕೇಳಬಹುದು ಎಂದರು. ಹುಡುಗರು ಪರೀಕ್ಷೆ, ಫೆಲೋಶಿಪ್ ಅಂತ ಕೇಳುತ್ತಿದ್ದಾಗ ಭಾವ ಎದ್ದು ನಿಂತರು. ಸಿಂಧು ನನ್ನ ತೋಳು ಹಿಡಿದುಕೊಂಡಳು. ಸಂಬಳದ ವಿಚಾರ ತೆಗೆದು ಮಾನ ಕಳೆಯುತ್ತಾರೆಂದು ಇಬ್ಬರಿಗೂ ಹೆದರಿಕೆ.

"ಮೇಡಂ, ನಮ್ಮಮ್ಮಂಗೆ ಸ್ಟ್ರೋಕ್ ಆಗಿ ಮಾತು ಹೋಯ್ತು. ನನ್ ಹೆಸರು ಕರೆಯೋಕೆ ಬರಲ್ಲ. ನೀರು ಅನ್ನೋಕೂ ಬರಲ್ಲ. ಆದ್ರೆ ಮದುವೇಲಿ ಹಸೆಗೆ ಕರೆಯೋ ಹಾಡು ಶುರು ಮಾಡಿದ್ರೆ ಪೂರ್ತಿ ಹೇಳ್ತಾರೆ, ಒಂದಕ್ಷರ ತಪ್ಪಲ್ಲ. ಹಾಡೋ ಬಾಯಿಗೆ ನನ್ ಹೆಸರು ಯಾಕೆ ಬರಲ್ಲ?"

ಅತ್ತೆಯವರು ಹಾಡುತ್ತಾರೆಂಬುದು ನಮಗೆಲ್ಲ ಗೊತ್ತಿತ್ತು. ಭಾವ ಈ ಪ್ರಶ್ನೆಯನ್ನು ಇಷ್ಟು ದಿನ ಒಳಗೇ ಕೇಳಿಕೊಳ್ಳುತ್ತಿದ್ದರೆಂಬುದು ಗೊತ್ತಿರಲಿಲ್ಲ. ಸಿಂಧು ತೋಳು ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು.

ಸಂಶೋಧಕಿ ವೇದಿಕೆ ಇಳಿದು ಹತ್ತಿರ ಬಂದರು. ಸಾಮಾನ್ಯವಾಗಿ ಮಾತಿನ ಕೆಲಸ ಹೆಚ್ಚಾಗಿ ಮಿದುಳಿನ ಎಡಭಾಗದ್ದು, ಹಾಡಿಗೆ ಬಲಭಾಗವೂ ಕೈಜೋಡಿಸುತ್ತದೆ. ಎಡಕ್ಕೆ ಪೆಟ್ಟಾದರೂ ರೂಢಿಯಾದ ಹಾಡು ಉಳಿದುಕೊಳ್ಳಬಹುದು ಎಂದರು. ವಾಕ್ ಚಿಕಿತ್ಸಕರನ್ನು ಕಾಣಿ, ಮಾತನ್ನೇ ರಾಗದಲ್ಲಿ ಹೇಳಿಸುವ ಅಭ್ಯಾಸವೊಂದಿದೆ ಎಂದೂ ಹೇಳಿದರು. "ಆದ್ರೆ ಪೂರ್ತಿ ಉತ್ತರ ನಮಗೂ ಗೊತ್ತಿಲ್ಲ ಸರ್."

"ಮತ್ತೆ ಯಾರು ಹುಡುಕ್ತಿದಾರೆ ಅದನ್ನ?"

"ಹುಡುಕ್ತಾ ಇದೀವಿ. ಜನ ಸಾಲ್ತಿಲ್ಲ."

ಸಿಂಧುವನ್ನೂ ಕರೆದುಕೊಂಡು ವಾಪಸು ಬರುವಾಗ ಆನಂದಪುರದಲ್ಲಿ ಚಹಾಕ್ಕೆ ನಿಂತೆವು. ಭಾವ ಲೋಟ ಕೆಳಗಿಟ್ಟು, ಮಗಳ ಮುಖ ನೋಡದೆ ಕೇಳಿದರು: "ಆ ನರದ್ದಕ್ಕೆ ಅರ್ಜಿ ಹಾಕೋಕೆ ಇನ್ನೂ ಟೈಮ್ ಇದ್ಯಾ?"

ಸಿಂಧುವಿಗೆ ಸೀಟು ಸಿಕ್ಕಿತು. ಶಿವಮೊಗ್ಗದ ಚಿಕಿತ್ಸಕಿಯೊಬ್ಬರು ಹೇಳಿಕೊಟ್ಟಂತೆ ಅತ್ತೆಯವರಿಗೆ ದಿನವೂ ರಾಗದ ಅಭ್ಯಾಸ ನಡೆಯುತ್ತಿದೆ. ಜೀವಮಾನದಲ್ಲಿ ಒಂದು ಸಾಲೂ ಗುನುಗದ ಭಾವ "ನೀರು ಬೇಕಾ" ಎಂದು ಎಳೆದು ಎಳೆದು ಹಾಡುತ್ತಾರೆ. ಶ್ರುತಿ ಎತ್ತಲೋ, ತಾಳ ಎತ್ತಲೋ. ಅತ್ತೆ ಮೊದಲು ನಗುತ್ತಾರೆ, ಆಮೇಲೆ "ಬೇಕು" ಎಂದು ಹಾಡುತ್ತಾರೆ. ಮಗನ ಹೆಸರು ಇನ್ನೂ ಬಂದಿಲ್ಲ. ಮೊದಲಕ್ಷರ ಮಾತ್ರ ಆಗಾಗ ಬರುತ್ತದೆ; ಅವತ್ತೆಲ್ಲ ಅಂಗಡಿಯಲ್ಲಿ ಭಾವ ಚೌಕಾಸಿಗೆ ಬೇಗ ಒಪ್ಪುತ್ತಾರಂತೆ.

ಸಿಂಧು ಸದ್ಯಕ್ಕೆ ಪ್ರಯೋಗಾಲಯದಲ್ಲಿ ಇಲಿಗಳ ಜೊತೆಗಿದ್ದಾಳೆ. ಅವು ನಮ್ಮ ಅಟ್ಟದ ಇಲಿಗಳಲ್ಲ. ಅಪ್ಪ ಅಮ್ಮ ಯಾರು, ಹುಟ್ಟಿದ ದಿನ ಯಾವುದು ಎಂದು ಪ್ರತಿಯೊಂದರದ್ದೂ ಬರೆದಿಡುತ್ತಾರಂತೆ. ಮೊನ್ನೆ ನಾನು ಅಂಗಡಿಯಲ್ಲಿ ಕೂತಿದ್ದಾಗ ಹೊಸನಗರದ ನೆಂಟರೊಬ್ಬರು ಬಂದು, ಒಳ್ಳೆ ಕಡೆಯ ವರ ಇದೆ, ಸಿಂಧು ಜಾತಕ ಕೊಡಿ ಎಂದರು.

ಭಾವ ಮೊಳೆ ತೂಗುತ್ತಲೇ ಹೇಳಿದರು: "ಅವ್ಳೀಗ ಇಲಿಗಳ ಜಾತಕ ನೋಡ್ತಿದಾಳೆ. ಅದು ಮುಗೀಲಿ, ಆಮೇಲೆ ಮನುಷ್ಯರದ್ದು ಅವ್ಳೇ ನೋಡ್ತಾಳೆ."