ಮಷಿನ್ನಿಗೋ, ಮನಷ್ಯಾಗೋ

ಇಳಕಲ್ಲಿನ ನಮ್ಮ ಸೊಸೈಟಿ ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಸರ್, ಕಂಪ್ಯೂಟರಿನ ದೂರು ಯಾರೇ ತರಲಿ, ಕನ್ನಡಕವನ್ನು ಹಣೆಗೇರಿಸಿ ಮೊದಲು ಕೇಳುತ್ತಿದ್ದದ್ದು ಒಂದೇ: "ಮಷಿನ್ನಿಗೆ ಹತ್ತೇತೋ, ಮನಷ್ಯಾಗ ಹತ್ತೇತೋ?" ತೊಂದರೆ ಅಂಟಿಕೊಂಡಿರುವುದು ಯಂತ್ರಕ್ಕೋ, ಅದರ ಮುಂದೆ ಕೂತವರಿಗೋ ಎಂದು.

ಒಮ್ಮೆ ನನ್ನ ಪೆನ್‌ಡ್ರೈವ್ ತೆರೆಯಲಿಲ್ಲ. ಕಂಪ್ಯೂಟರ್ ಕೆಟ್ಟಿದೆಯೆಂದು ಪಕ್ಕದ ಟೇಬಲ್ಲಿಗೆ ಹೋಗಿ ನನ್ನ ಹೆಸರಿನಿಂದಲೇ ಲಾಗಿನ್ ಆದೆ, ಅಲ್ಲೂ ತೆರೆಯಲಿಲ್ಲ. ಮೂರನೆಯದಕ್ಕೆ ಹೊರಟಾಗ ಅವರು ತಡೆದರು.

"ಕುರ್ಚಿ ಬದಲ್ ಮಾಡಿದ್ರ ಏನ್ ಬಂತ್ರಿ ಅಕ್ಕಾರ? ಪೆನ್‌ಡ್ರೈವ್ ಬಂದ್ ಅನ್ನೋ ರೂಲು ಸರ್ವರ್‌ನ್ಯಾಗ ನಿಮ್ಮ ಹೆಸರಿಗೆ ಹಾಕೇನಿ. ನೀವ್ ಎಲ್ಲಿ ಕುಂತ್ರೂ ಬೆನ್ನಹತ್ತಿ ಬರ್ತೈತಿ. ಪ್ರಿಂಟರಿಂದು ಹಂಗಲ್ಲ, ಅದನ್ನ ಮಷಿನ್ನಿಗೆ ಹಾಕೇನಿ. ಯಾರ್ ಕುಂತ್ರೂ ಅಷ್ಟ."

ಅವರಿಗೆ ಬಾಗಲಕೋಟೆಗೆ ವರ್ಗವಾದಾಗ, ಕೊನೆಯ ದಿನ, ಕಚೇರಿ ಬಿಟ್ಟವರ ಲಾಗಿನ್ ಬಂದ್ ಮಾಡುವ ಪಟ್ಟಿಗೆ ತಮ್ಮ ಹೆಸರನ್ನು ತಾವೇ ಸೇರಿಸಿದರು. ರೂಲು ಹಾಕಿದ ಮೇಲೆ ಪರೀಕ್ಷೆ ಮಾಡದೆ ಏಳುವವರಲ್ಲ. ನನ್ನ ಕಂಪ್ಯೂಟರಿನಲ್ಲಿ ತಮ್ಮ ಪಾಸ್‌ವರ್ಡ್ ಹೊಡೆದು ನೋಡಿದರು, ತೆರೆಯಲಿಲ್ಲ. ಪಕ್ಕದ್ದರಲ್ಲೂ ತೆರೆಯಲಿಲ್ಲ. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

"ಮಷಿನ್ನಿಗೆ ಹತ್ತೇತೇನ್ರಿ ಸರ್?" ನಗಿಸಲೆಂದು ಕೇಳಿದೆ.

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು.

"ಇಲ್ರಿ ಅಕ್ಕಾರ. ಮನಷ್ಯಾಗ."