ಕಾಗೆಯ ಮುಂದೆ ಕೊಟ್ಟ ಮಾತು

ಈ ಬರಹವನ್ನು ಯಾರ ಅವಗಾಹನೆಗೆ ಸಲ್ಲಿಸಬೇಕೆಂಬುದು ತಿಳಿಯದ ಕಾರಣ, ಇದನ್ನು ಓದುವ ಎಲ್ಲರ ಅವಗಾಹನೆಗೂ ಸಲ್ಲಿಸುತ್ತಿದ್ದೇನೆ. ನಾನು ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ವಾಸ ಮದ್ದೂರಿನಲ್ಲಿ. ಟಿಪ್ಪಣಿ, ಜ್ಞಾಪನಗಳನ್ನು ಬಿಟ್ಟರೆ ಸ್ವಂತದ್ದೆಂದು ಇದುವರೆಗೆ ಏನನ್ನೂ ಬರೆದವಳಲ್ಲ.

ವಿಷಯ: ನಾವೆಲ್ಲರೂ ಅಣ್ಣ ಎಂದು ಕರೆಯುತ್ತಿದ್ದ ಲೇಖಕರೊಬ್ಬರು ತೀರಿಕೊಂಡದ್ದು, ಹಾಗೂ ಅರ್ಧಕ್ಕೆ ನಿಂತ ಅವರ ಕಥೆಯನ್ನು ಮುಗಿಸುವುದಾಗಿ ನನ್ನ ಪರವಾಗಿ ಬೇರೊಬ್ಬರು ಕೊಟ್ಟ ಮಾತು.

ಅಣ್ಣನವರು ಮಳವಳ್ಳಿ ಕಡೆಯ ಹಳ್ಳಿಯವರು. ನೀರಾವರಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದರು. ವಿಜ್ಞಾನ ಕಥೆಗಳನ್ನು ಬರೆಯುತ್ತಿದ್ದರು. ಅವುಗಳನ್ನು ಪ್ರಕಟಿಸುತ್ತಿದ್ದ ಸಣ್ಣ ಮಾಸಪತ್ರಿಕೆ ನಿಂತುಹೋದ ಮೇಲೆ, ಅದರ ಓದುಗರಾಗಿದ್ದ ನಾವು ಕೆಲವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ಸಕ್ಕರೆ ಕಾಯಿಲೆಯಿಂದ ಅಣ್ಣನವರ ಕಣ್ಣು ಮಂಜಾಗುತ್ತಾ ಬಂದಿತ್ತು. ಆದ್ದರಿಂದ ಅವರು ಬರೆಯುವುದನ್ನು ಬಿಟ್ಟು, ಜಗಲಿಯ ಮೇಲೆ ಕುಳಿತು ಫೋನಿಗೆ ಕಥೆ ಹೇಳಿ ಆ ಧ್ವನಿಯನ್ನು ಗುಂಪಿಗೆ ಕಳಿಸುತ್ತಿದ್ದರು. ಅದನ್ನು ಕೇಳಿ, ಗ್ರಂಥಸ್ಥ ಕನ್ನಡಕ್ಕೆ ತಂದು, ಟೈಪು ಮಾಡಿ ಎಲ್ಲರಿಗೂ ಕಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ನನ್ನ ಕೆಲಸ ಅಷ್ಟೇ ಆಗಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬಯಸುತ್ತೇನೆ.

ಕೊನೆಯ ಕಥೆಯಲ್ಲಿ ಒಂದು ನೌಕೆ ಬೇರೊಂದು ನಕ್ಷತ್ರಕ್ಕೆ ಹೊರಟಿತ್ತು. ಒಂದು ಆಯುಷ್ಯದಲ್ಲಿ ಮುಗಿಯದ ಪ್ರಯಾಣ. ಜನ ನೌಕೆಯಲ್ಲೇ ಹುಟ್ಟಿ, ನೌಕೆಯಲ್ಲೇ ಗದ್ದೆ ಮಾಡಿ, ನೌಕೆಯಲ್ಲೇ ಸಾಯುತ್ತಿದ್ದರು. ನಮ್ಮ ನಾಲೆಗಳಲ್ಲಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಇರುವಂತೆ ಅಲ್ಲಿಯೂ ಒಬ್ಬ ನೀರಗಂಟಿ ಇದ್ದಳು, ಹೆಂಗಸು. ನೌಕೆಯ ಮೂಡಲ ಭಾಗದಲ್ಲಿ ಬೀಜದ ಗದ್ದೆ, ಪಡುವಲ ಭಾಗದಲ್ಲಿ ಜನವಸತಿ. ನಮ್ಮ ಗುಂಪಿನಲ್ಲಿದ್ದ ಮಳವಳ್ಳಿಯ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು, ನಾವು ಮೇಷ್ಟ್ರು ಎನ್ನುವವರು, ಸೂರ್ಯನೇ ಇಲ್ಲದ ಕಡೆ ಮೂಡಲು ಎಲ್ಲಿಂದ ಬಂತೆಂದು ಆಕ್ಷೇಪಣೆ ಸಲ್ಲಿಸಿದ್ದರು. ಅದಕ್ಕೆ ಅಣ್ಣನವರ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ.

"ಜನ ಇದ್ದ ಕಡೆ ಮೂಡ್ಲೂ ಇರ್ತದೆ, ಪಡುವ್ಲೂ ಇರ್ತದೆ ಕಣ್ ಮೇಷ್ಟ್ರೇ. ಇಲ್ದಿದ್ರೆ ಜಗಳ ಆಡಾದೆಂಗೆ?"

ಅವರು ಕಳಿಸಿದ ಕಡೆಯ ಕಂತಿನಲ್ಲಿ ನೌಕೆಯ ನೀರು ಸೋರಿಹೋಗಿ, ಒಂದೇ ಕಡೆಗೆ ಸಾಲುವಷ್ಟು ಉಳಿದಿತ್ತು. ಬೀಜಕ್ಕೆ ಬಿಟ್ಟರೆ ಜನ ಉಳಿಯುವುದಿಲ್ಲ. ಜನಕ್ಕೆ ಬಿಟ್ಟರೆ ತಲುಪಿದ ಮೇಲೆ ಬಿತ್ತುವುದಕ್ಕೆ ಬೀಜವಿರುವುದಿಲ್ಲ. ಯಾವ ಕಡೆಗೂ ನೀರು ಹೋಗದಂತೆ ನೀರಗಂಟಿ ತೂಬಿನ ಚಕ್ರವನ್ನು ನಡುವೆ ಹಿಡಿದು ನಿಂತಿದ್ದಳು. ಕೈಬಿಟ್ಟರೆ ಚಕ್ರ ತಾನೇ ಒಂದು ಕಡೆಗೆ ತಿರುಗುವಂಥದ್ದು. ಅಷ್ಟು ಹೇಳಿ ಅಣ್ಣನವರು ಕೆಮ್ಮಿ, ಸುಸ್ತಾಗುತ್ತದೆ, ಮಿಕ್ಕಿದ್ದು ನಾಳೆ ಎಂದು ನಿಲ್ಲಿಸಿದರು.

ಮಾರನೆಯ ದಿನ ಅವರನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಆಸ್ಪತ್ರೆ ನಮ್ಮ ಕಚೇರಿಯಿಂದ ನಡೆದು ಹೋಗುವಷ್ಟು ಹತ್ತಿರ. ಅರ್ಧ ದಿನದ ರಜೆ ಹಾಕಿ ಹೋದೆ. ತುರ್ತು ವಾರ್ಡಿನ ಬಾಗಿಲಲ್ಲಿದ್ದ ಕಾವಲುಗಾರರು, ರೋಗಿಗೆ ನೀವು ಏನಾಗಬೇಕು ಎಂದು ಕೇಳಿದರು. ಓದುಗಿ ಎಂದರೆ ಅದು ಸಂಬಂಧವಾಗುವುದಿಲ್ಲ. ಅವರ ಕಥೆಗಳನ್ನು ಟೈಪು ಮಾಡುವವಳು ಎಂದೆ. ಅವರು ಒರಟಾಗಿ ಮಾತನಾಡಲಿಲ್ಲ. ಮನೆಯವರಿಗೆ ಮಾತ್ರ ಒಳಗೆ ಪ್ರವೇಶವೆಂದು ತಿಳಿಸಿ, ಕೂರಲು ಬೆಂಚು ತೋರಿಸಿದರು. ಕತ್ತಲಾಗುವವರೆಗೆ ಆ ಬೆಂಚಿನ ಮೇಲೆ ಕುಳಿತಿದ್ದು, ಕಡೆಯ ರೈಲಿಗೆ ಮದ್ದೂರಿಗೆ ಮರಳಿದೆ. ಅಣ್ಣನವರು ಬೆಳಗಾಗುವುದರೊಳಗೆ ತೀರಿಕೊಂಡಿದ್ದರು.

ಅಂದು ಗುಂಪಿನಲ್ಲಿ ಮೊದಲು ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಒಬ್ಬೊಬ್ಬರೂ ಹೇಳಿಕೊಳ್ಳತೊಡಗಿದರು. ಆತಗೂರಿನ ಹೆಣ್ಣುಮಗಳೊಬ್ಬಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಣ್ಣನ ಕಥೆ ಕೇಳುತ್ತಲೇ ಹಾಲು ಕರೆಯುತ್ತಿದ್ದಳಂತೆ. ಇವತ್ತು ಕಥೆಯಿಲ್ಲದೆ ಹಸುವಿನ ಮುಂದೆ ಕೂರಲು ಆಗಲಿಲ್ಲವೆಂದು ಬರೆದಳು. ಬಸ್ ಕಂಡಕ್ಟರೊಬ್ಬರು, ಡಿಪೋದಲ್ಲಿ ಮಲಗುವ ದಿನಗಳಲ್ಲಿ ಜೊತೆಯವರಿಗೆಲ್ಲ ಅಣ್ಣನ ಗ್ರಹಗಳ ಬಗ್ಗೆ ಹೇಳುತ್ತಿದ್ದೆ ಎಂದರು. ಕಥೆಯ ನಡುವೆ ಕೇಳಿಬರುತ್ತಿದ್ದ ಅಣ್ಣನ ಮನೆಯ ಕೋಳಿಗಳು ಈಗ ಏನು ಮಾಡುತ್ತಿರಬಹುದು ಎಂದು ಯಾರೋ ಕೇಳಿದರು. ಕೋಳಿಯ ಸದ್ದನ್ನು ನಾನು ಟೈಪು ಮಾಡಿದವಳಲ್ಲ. ಅಷ್ಟು ಜನ ಅದನ್ನೂ ಕೇಳಿಸಿಕೊಂಡಿದ್ದರೆಂದು ಅಂದೇ ನನಗೆ ತಿಳಿದದ್ದು.

ಮೂರನೆಯ ದಿನದ ಹಾಲು-ತುಪ್ಪಕ್ಕೆ ನಾವು ಮೂವರು ಹೋದೆವು: ನಾನು, ಮೇಷ್ಟ್ರು ಮತ್ತು ಹನಕೆರೆಯಲ್ಲಿ ಕಬ್ಬು ಬೆಳೆಯುವ ಗೆಳೆಯರೊಬ್ಬರು. ಅಣ್ಣನವರನ್ನು ಅವರದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಸಮಾಧಿಯ ಮಣ್ಣಿನ ಮೇಲೆ ಹಾಲು, ತುಪ್ಪ ಬಿಟ್ಟು, ಬಾಳೆಲೆ ಹಾಸಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ಮುದ್ದೆ, ಬಸ್ಸಾರು, ಬೇಯಿಸಿದ ಮೊಟ್ಟೆ, ವೈದ್ಯರು ಬೇಡವೆಂದಿದ್ದ ಮೈಸೂರು ಪಾಕು, ಒಂದು ಲೋಟ ಕಾಫಿ. ನಂತರ ಎಲ್ಲರೂ ದೂರ ಸರಿದು ಕಾಗೆಗಾಗಿ ಕಾದೆವು.

ಪಂಪ್‌ಸೆಟ್ ಮನೆಯ ಮೇಲೆ ಒಂದು ಕಾಗೆ ಕುಳಿತಿತ್ತು. ಇಳಿಯಲಿಲ್ಲ.

ಕಾಗೆ ಎಡೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನಮ್ಮ ಕಡೆ ತಿಳಿಯುತ್ತಾರೆ. ಉಳಿದದ್ದು ಏನಿರಬಹುದೆಂದು ಊಹಿಸಿ, ಅದನ್ನು ನಾವು ನೆರವೇರಿಸುತ್ತೇವೆ ಎಂದು ಮನೆಯವರು ಮಾತು ಕೊಡುತ್ತಾರೆ. ಮಗಳು, ಅಮ್ಮನನ್ನು ತನ್ನ ಬಳಿ ಇಟ್ಟುಕೊಂಡು ನೋಡಿಕೊಳ್ಳುತ್ತೇನೆ ಎಂದಳು. ಅಳಿಯ, ಹೊಲವನ್ನು ಪಾಳು ಬಿಡುವುದಿಲ್ಲ ಎಂದರು. ಕಾಗೆ ಕತ್ತು ಹೊರಳಿಸಿತಷ್ಟೆ. ಅಣ್ಣನವರ ಪತ್ನಿ, ನಮಗೆ ಅತ್ತಿಗೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಾಗೆಯನ್ನೇ ನೋಡುತ್ತಿದ್ದರು. ಬಿಸಿಲೇರಿತು. ಮುದ್ದೆ ಒಣಗಿ ಬಿರುಕು ಬಿಟ್ಟಿತು. ಆಗ ಅಣ್ಣನವರ ಚಿಕ್ಕಪ್ಪ, ಊರುಗೋಲು ಹಿಡಿದ ಹಿರಿಯರು, ನಮ್ಮ ಕಡೆ ತಿರುಗಿದರು.

"ನೀವು ಕತೆಯೋರಲ್ವಾ? ನಿಮ್ತಾವ ಏನಾರ ಬಾಕಿ ಮಡಗಿದ್ನಾ ಅವ್ನು?"

ಮೇಷ್ಟ್ರು ನೆಲ ನೋಡಿದರು. ಅವರು ಜೀವಮಾನವಿಡೀ ಇಂಥದ್ದರ ವಿರುದ್ಧ ಪಾಠ ಮಾಡಿದವರು. ಹನಕೆರೆಯ ಗೆಳೆಯರು ಚಪ್ಪಲಿ ಬಿಟ್ಟು ಮುಂದೆ ಹೋಗಿ ಕೈಮುಗಿದರು.

"ಅಣ್ಣೋ, ನಿನ್ ಕತೆ ಅರ್ಧಕ್ಕೆ ನಿಲ್ಲಾಕಿಲ್ಲ. ನಮ್ ಮೇಡಮ್ಮು ಬರ್ದು ಮುಗಿಸ್ತಾರೆ. ಬಂದು ಮುಟ್ಟು."

ಕಾಗೆ ಇಳಿಯಿತು. ಮೊಟ್ಟೆಯನ್ನು ಕುಕ್ಕಿ, ಅದರ ಒಂದು ಚೂರನ್ನು ಕಚ್ಚಿಕೊಂಡು ಹೋಯಿತು. ಅತ್ತಿಗೆ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತರು.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಆ ಗೆಳೆಯರನ್ನು ಬಿಡಲಿಲ್ಲ. ವಿಜ್ಞಾನ ಬರೆದ ಮನುಷ್ಯನಿಗೆ ಕಾಗೆಯನ್ನು ಸಾಕ್ಷಿ ಹಾಕಿದೆಯಲ್ಲ, ಬುದ್ಧಿ ಇದೆಯೇ ಎಂದು ಕೇಳಿದರು.

"ಅಸ್ದಿತ್ತು, ತಿಂತು ಅಂತ್ಲೇ ಇಟ್ಕಳಿ ಮೇಷ್ಟ್ರೇ," ಎಂದರು ಅವರು. "ಅತ್ತಿಗೆ ಮೊಕ ನೋಡ್ದ್ರಾ ನೀವು? ಇನ್ನೊಂದ್ಗಂಟೆ ಆಗಿದ್ರೆ ಆಯಮ್ಮ ಅಲ್ಲೇ ಬಿದ್ದೋಯ್ತಿತ್ತು."

ನನ್ನನ್ನು ಒಂದು ಮಾತು ಕೇಳಬಹುದಿತ್ತು ಎಂದೆ. ಇದುವರೆಗೂ ಎಲ್ಲವನ್ನೂ ಬರೆದದ್ದು ನೀವೇ ತಾನೇ, ಇನ್ನೊಂದು ಕಂತು ಬರೆಯುವುದಕ್ಕೆ ಏನು ಕಷ್ಟ ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ಅವರು ಹಾಗೆ ನಂಬಿದ್ದರು. ಗುಂಪಿನಲ್ಲಿ ಎಲ್ಲರೂ ಹಾಗೆಯೇ ನಂಬಿದ್ದರೆಂಬುದು ಮರುದಿನದಿಂದ ಗೊತ್ತಾಯಿತು. ಮೇಡಂ, ನಿಧಾನವಾಗಿ ಬರೆಯಿರಿ, ಆತುರವಿಲ್ಲ ಎಂದು ಪ್ರತಿದಿನ ಯಾರಾದರೊಬ್ಬರು ಬರೆಯುತ್ತಿದ್ದರು.

ನಾನು ಪ್ರಯತ್ನಿಸಲಿಲ್ಲವೆಂದಲ್ಲ. ಕಚೇರಿಯಿಂದ ಬಂದು, ಅಡುಗೆ ಮುಗಿಸಿ, ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. "ನೀರಗಂಟಿಯು ತೂಬಿನ ಬಳಿ ಹಾಜರಿದ್ದು, ಲಭ್ಯವಿರುವ ನೀರಿನ ಪ್ರಮಾಣವನ್ನು ಪರಿಶೀಲಿಸಿದಳು" ಎಂದು ಬರೆದು, ಅಳಿಸಿದೆ. "ಸದರಿ ಸಂದರ್ಭದಲ್ಲಿ ಆಕೆಗೆ ದುಃಖ ಉಂಟಾಯಿತು" ಎಂದು ಬರೆದು, ಅದನ್ನೂ ಅಳಿಸಿದೆ. ಅಣ್ಣನವರ ಧ್ವನಿಗಳನ್ನು ಮೊದಲಿನಿಂದ ಮತ್ತೆ ಕೇಳಿದೆ. ಅವರು ಯಾವ ಕಡೆ ವಾಲುತ್ತಿದ್ದರೆಂಬ ಸುಳಿವು ಎಲ್ಲಿಯೂ ಸಿಗಲಿಲ್ಲ.

ಕೊನೆಗೆ ಗುಂಪಿನವರ ಅಭಿಪ್ರಾಯ ಕೋರಿದೆ. ಅದು ಮಾಡಬಾರದಾಗಿತ್ತು. ಹನಕೆರೆಯ ಗೆಳೆಯರು, ಜನಕ್ಕಲ್ಲದೆ ಇನ್ಯಾರಿಗೆ ನೀರು ಎಂದರು. ಆತಗೂರಿನ ಹೆಣ್ಣುಮಗಳು, ಬೀಜ ಸತ್ತರೆ ಹೋಗಿ ಮಾಡುವುದೇನು ಎಂದಳು. ಮೇಷ್ಟ್ರು ಲೆಕ್ಕ ಹಾಕಿ, ಹಬೆಯನ್ನು ಹಿಡಿದಿಟ್ಟರೆ ಎರಡು ಕಡೆಗೂ ಸಾಲುತ್ತದೆ ಎಂದು ಸಾಧಿಸಿದರು. ಅಣ್ಣ ಇಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ ಎಂದು ಎಲ್ಲರೂ ಅವರ ಮೇಲೆ ಬಿದ್ದರು. ನಮ್ಮ ನಾಲೆಯ ತಲೆಭಾಗ, ಕೊನೆಭಾಗದವರ ನೀರಿನ ಜಗಳವೆಲ್ಲ ಅಲ್ಲಿಗೆ ಬಂತು. ಇಬ್ಬರು ಗುಂಪು ಬಿಟ್ಟು ಹೋದರು. ಅಣ್ಣನವರಿದ್ದಾಗ ಯಾರೂ ಬಿಟ್ಟು ಹೋದದ್ದಿಲ್ಲ.

ಅವರೆಕಾಯಿಯ ಕಾಲಕ್ಕೆ, ಒಂದು ಭಾನುವಾರ, ಮಳವಳ್ಳಿಯ ಬಸ್ಸು ಹತ್ತಿದೆ. ಈ ಮಾತಿನಿಂದ ನನ್ನನ್ನು ಬಿಡುಗಡೆ ಮಾಡಬೇಕೆಂದು ಅತ್ತಿಗೆಯವರನ್ನು ಕೋರುವುದು ನನ್ನ ಉದ್ದೇಶವಾಗಿತ್ತು. ಮಗಳು ಎಷ್ಟು ಕರೆದರೂ ಅವರು ಮನೆ ಬಿಟ್ಟು ಹೋಗಿರಲಿಲ್ಲ. ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಂದೆಯೂ ಒಂದು ಗುಡ್ಡೆ ಸುರಿದರು. ಸುಲಿಯುತ್ತಲೇ ವಿಷಯ ತಿಳಿಸಿದೆ. ನನಗೆ ಶಕ್ತಿಯಿಲ್ಲ, ತಾವು ದಯಮಾಡಿ ಬೇಡವೆಂದು ಹೇಳಿದರೆ ಗುಂಪಿನವರಿಗೂ ಹಾಗೆಯೇ ತಿಳಿಸುತ್ತೇನೆ ಎಂದೆ.

"ನಂಗಾ ಮಾತು ಕೊಟ್ಟಿದ್ದು?" ಎಂದರು. "ಅವ್ರಿಗೆ ಕೊಟ್ಟಿದ್ದು. ನಾನೆಂಗವ್ವ ಬೇಡ ಅನ್ಲಿ?"

ನಾನು ಇನ್ನೊಂದು ಕಾಯಿ ಎತ್ತಿಕೊಂಡೆ. ಅವರೇ, ಬರೆದದ್ದು ಏನಾದರೂ ಇದ್ದರೆ ಓದು ಎಂದರು. ಅಳಿಸದೆ ಉಳಿದಿದ್ದ ಒಂದೂವರೆ ಪುಟವನ್ನು ಫೋನಿನಲ್ಲಿ ಓದಿದೆ. ಓದುವಾಗ ನನ್ನ ಧ್ವನಿ ನನಗೇ ಸುತ್ತೋಲೆ ಓದಿದಂತೆ ಕೇಳಿತು. ಅತ್ತಿಗೆ ಒಂದು ಕಾಯಿಯಲ್ಲಿದ್ದ ಹುಳುವನ್ನು ತೆಗೆದು ಎಸೆದರು.

"ಆ ಎಂಗ್ಸು ಇನ್ನೂ ಅಲ್ಲೇ ನಿಂತವ್ಳಾ?"

ಹೌದು, ಅಲ್ಲಿಯೇ ಇದ್ದಾಳೆ ಎಂದೆ.

"ಅವತ್ನಿಂದ್ಲೂವಾ?" ಅವರ ಕೈ ನಿಂತಿತು. "ಕಾಲು ನೋಯಲ್ವಾ ಪಾಪ. ಮುಗ್ಸಾಕೆ ಆಗ್ದಿದ್ರೆ ಬುಡು ಕಣವ್ವ. ಒಂದ್ಗಳ್ಗೆ ಕುಂತ್ಕಂಡ್ಳು ಅಂತಾದ್ರೂ ಬರಿ."

ಆಗಲಿ ಎಂದೆ. ಅತ್ತಿಗೆಯವರು ಸುಲಿದ ಕಾಳಿನಲ್ಲಿ ಅರ್ಧವನ್ನು ಚೀಲಕ್ಕೆ ಹಾಕಿಕೊಟ್ಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಫೋನು ತೆರೆದು ಆ ಒಂದು ವಾಕ್ಯವನ್ನಾದರೂ ಬರೆಯೋಣವೆಂದು ಕುಳಿತೆ. ಅದು ನನ್ನಂಥವಳೂ ಬರೆಯಬಹುದಾದ ವಾಕ್ಯವೆಂದೇ ಅಂದುಕೊಂಡಿದ್ದೆ. ಆದರೆ ಆಕೆ ಕೂರಬೇಕಾದರೆ ಮೊದಲು ಚಕ್ರದಿಂದ ಕೈ ತೆಗೆಯಬೇಕು. ಕೈ ತೆಗೆದರೆ ನೀರು ಒಂದು ಕಡೆಗೆ ಹೋಗುತ್ತದೆ. ಯಾವ ಕಡೆಗೆ ಎಂಬುದನ್ನು ಅಣ್ಣನವರು ಹೇಳಿಲ್ಲ.

ಮದ್ದೂರು ಬರುವವರೆಗೂ ಆಕೆಯನ್ನು ಕೂರಿಸಲು ನನ್ನಿಂದ ಆಗಲಿಲ್ಲ. ಇಂದಿನವರೆಗೂ ಆಗಿಲ್ಲ ಎಂಬುದನ್ನು ತಮ್ಮೆಲ್ಲರ ಗಮನಕ್ಕೆ ತರುತ್ತಿದ್ದೇನೆ.