ಬಲಗೈಗೆ ಸೂಜಿ ಬೇಡ

ಮಲ್ಲಿ ಅನ್ನೋದು ಅವಳ ಹೆಸರಲ್ಲ. ನಿಜವಾದ ಹೆಸರೊಂದಿತ್ತು, ಶಾಲೆಯ ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಅದು ಬಳಕೆಗೆ ಬರಲಿಲ್ಲ. ಮೂರು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ಎರಡೂ ಕಿವಿಗಳನ್ನು ಜೊತೆಗೆ ಕರೆದುಕೊಂಡು ಹೋಯಿತು. ಬಾಯಲ್ಲಿ ನಿಂತ ಮಾತು ಕೈಗೆ ಬಂತು, ಬಂದದ್ದಕ್ಕೆ ಕೊನೆಮೊದಲಿಲ್ಲ. ಊಟಕ್ಕೆ ಕೂತರೂ, ಬಟ್ಟೆ ಹಾಕಿಕೊಳ್ಳುತ್ತಿದ್ದರೂ, ನಿದ್ದೆಗಣ್ಣಲ್ಲೂ ಕೈಗಳು ಆಡುತ್ತಲೇ ಇರುತ್ತಿದ್ದವು. ಅಪ್ಪ ನೋಡಿ ನೋಡಿ ಸೋತು, "ಇವಳೊಬ್ಬಳು ಮಾತಿನಮಲ್ಲಿ" ಅಂದ. ಬರಬರುತ್ತಾ ಮಾತು ಉದುರಿ ಮಲ್ಲಿ ಉಳಿಯಿತು.

ದೊಡ್ಡವಳಾದ ಮೇಲೆ ಫೋಟೊಗಳಿಗೆ ಕಟ್ಟು ಹಾಕಿಕೊಡುವ ಅಂಗಡಿಯಲ್ಲಿ ಅವಳು ಗಾಜು ಕೊಯ್ಯುವ ಕೆಲಸಕ್ಕೆ ಸೇರಿದಳು. ಗಾಜಿನ ಮೇಲೆ ಚಕ್ರದ ಮೊನೆ ಎಳೆದಾಗ ಬೇರೆಯವರು ಸದ್ದು ಕೇಳಿ ಗೆರೆ ಸರಿಯಾಗಿ ಬಿತ್ತೋ ಇಲ್ಲವೋ ಹೇಳುತ್ತಾರೆ. ಮಲ್ಲಿಗೆ ಅದು ಬೆರಳ ತುದಿಯಲ್ಲೇ ತಿಳಿಯುತ್ತಿತ್ತು. ಬಸುರಿಯಾಗಿ ಹೊಟ್ಟೆ ಮೇಜಿನ ಅಂಚಿಗೆ ತಾಗತೊಡಗಿದಾಗ ಅಂಗಡಿ ಯಜಮಾನರು ಗಾಜಿನ ಕೆಲಸ ಬಿಡಿಸಿ, ಎತ್ತರದ ಸ್ಟೂಲೊಂದು ಕೊಟ್ಟು, ಚಿತ್ರದ ಸುತ್ತ ಇಡುವ ದಪ್ಪ ರಟ್ಟು ಕತ್ತರಿಸಲು ಕೂರಿಸಿದರು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಿವಿ ಕೇಳಿಸುವವನೇ, ಆದರೆ ಮಾತು ಕಮ್ಮಿ. ಅವಳಿಗೋಸ್ಕರ ಕೈಮಾತು ಕಲಿತ. ಕಲಿಯುವಾಗ ಪಟ್ಟ ಪಾಡು ಅವನಿಗೇ ಗೊತ್ತು. ಮದುವೆ ಆಗ್ತೀಯಾ ಅಂತ ಕೇಳಲು ಹೋಗಿ, ಬಾಗಿಲು ಹಾಕ್ತೀಯಾ ಅಂತ ಕೇಳಿದ್ದ. ಮಲ್ಲಿ ಎದ್ದು ಹೋಗಿ ಬಾಗಿಲು ಹಾಕಿ ಬಂದಿದ್ದಳು. ನಾಲ್ಕು ವರ್ಷವಾದರೂ ಅವನ ಕೈ ಇನ್ನೂ ಸ್ಪ್ಯಾನರ್ ಹಿಡಿದವನ ಕೈಯೇ. ಒಂದೊಂದು ಮಾತನ್ನೂ ಬೋಲ್ಟು ತಿರುಗಿಸಿದ ಹಾಗೆ ತಿರುಗಿಸಿ ಕೂರಿಸುತ್ತಿದ್ದ.

ಅಕ್ಕನದು ಹಾಗಲ್ಲ. ಅಕ್ಕ ಅವಳಿಗಿಂತ ಐದು ವರ್ಷ ದೊಡ್ಡವಳು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಬಾಯಿ ಎಷ್ಟು ಚುರುಕೋ ಕೈಯೂ ಅಷ್ಟೇ ಚುರುಕು. ಶಾಲೆಯ ಮೇಷ್ಟರಿಂದ ಹಿಡಿದು ಬಾಡಿಗೆ ಮನೆಯ ಮಾಲೀಕರವರೆಗೆ ಹೊರಗಿನ ಲೋಕವೆಲ್ಲ ಮಲ್ಲಿಯ ಹತ್ತಿರ ಬಂದದ್ದು ಅಕ್ಕನ ಕೈ ದಾಟಿಯೇ. ಜನ ಕೂಡ ಮಲ್ಲಿಯ ಮುಖ ನೋಡದೆ ಅಕ್ಕನ ಮುಖ ನೋಡಿ, "ಇವರಿಗೆ ಟೀ ಬೇಕಂತಾ?" ಅಂತ ಕೇಳುತ್ತಿದ್ದರು. ಅಕ್ಕ "ಬೇಡ" ಅನ್ನುತ್ತಿದ್ದಳು. ಬೇಕಿತ್ತೋ ಏನೋ, ಮಲ್ಲಿಗೂ ಅದು ರೂಢಿಯಾಗಿತ್ತು.

ಒಂಬತ್ತನೇ ತಿಂಗಳು ಹಿಡಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಮಾಸ್ಕ್ ಹಾಕಿಕೊಂಡೇ ಅಕ್ಕನ ಕಡೆ ತಿರುಗಿ ಮಾತಾಡಿದರು. ತುಟಿ ಕಾಣದಿದ್ದರೂ ಎಷ್ಟು ಹೊತ್ತು ಮಾತಾಡಿದರು ಅನ್ನುವುದು ಕಾಣುತ್ತದಲ್ಲ. ಕೈಯಲ್ಲಿ ಗಾಳಿಯಲ್ಲೇ ಏನನ್ನೋ ಸುತ್ತಿ ತೋರಿಸಿದರು. ಅಕ್ಕ ತಲೆ ಅಡ್ಡಡ್ಡ ಆಡಿಸಿದಳು. ಅವರು ಮತ್ತೇನೋ ಕೇಳಿದರು, ಅಕ್ಕ ಮತ್ತೆ ತಲೆಯಾಡಿಸಿದಳು. ಡಾಕ್ಟರಮ್ಮ ಕಾರ್ಡಿನ ಮೇಲೆ ಒಂದು ತಾರೀಖು ಬರೆದರು.

"ಏನಂತೆ?" ಮಲ್ಲಿ ಕೇಳಿದಳು.

"ಎಲ್ಲಾ ಚೆನ್ನಾಗಿದೆಯಂತೆ. ಆಪರೇಷನ್ ಮಾಡ್ತಾರಂತೆ, ನಿನಗೆ ಅದೇ ಒಳ್ಳೇದಂತೆ."

"ಇಷ್ಟು ಹೊತ್ತು ಮಾತಾಡಿದ್ದು ಅಷ್ಟೇನಾ?"

"ಡಾಕ್ಟರುಗಳು ಎಳೀತಾರೆ ಕಣೇ," ಅಂದಳು ಅಕ್ಕ.

ಹೊರಗೆ ಬರುವಾಗ ಬಾಗಿಲ ಬಳಿ ಹೆರಿಗೆ ವಾರ್ಡಿನ ದೊಡ್ಡ ನರ್ಸ್ ನಿಂತಿದ್ದರು. ನರೆಗೂದಲು, ದಪ್ಪ ಕನ್ನಡಕ. ಅವರು ಮಾಸ್ಕನ್ನು ಗದ್ದಕ್ಕೆ ಇಳಿಸಿ, ಮಲ್ಲಿಯ ಮುಖಕ್ಕೇ ನೇರವಾಗಿ, ನಿಧಾನವಾಗಿ ಹೇಳಿದರು: "ಹೆರಿಗೆ ಹೊತ್ತಿಗೆ ನಿಮಗೆ ಏನು ಬೇಕು, ಏನು ಬೇಡ, ಇದರಲ್ಲಿ ಬರ್ಕೊಂಡು ಬನ್ನಿ. ನೀವೇ ಬರೀಬೇಕು." ಒಂದು ಹಾಳೆ ಕೊಟ್ಟರು.

ಸಂಜೆ ಮನೆಯಲ್ಲಿ ಗಂಡ ಹೆಂಡತಿ ಆ ಹಾಳೆ ಮುಂದಿಟ್ಟುಕೊಂಡು ಕೂತರು. ಯಾವ ಬಗೆಯ ಸಂಗೀತ ಇರಬೇಕು ಅಂತ ಒಂದು ಪ್ರಶ್ನೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲ್ಲಿಗೆ ಹಿಡಿದುಕೊಳ್ಳಲು ಹೊಟ್ಟೆ ಧಾರಾಳವಾಗಿಯೇ ಇತ್ತು. ಮುಂದಿನದು, ಕೋಣೆಯ ಬೆಳಕು ಮಂದವಾಗಿರಬೇಕೇ? ಮಲ್ಲಿಯ ನಗು ನಿಂತಿತು.

"ಬೆಳಕು ಆರಿಸಿದ್ರೆ ನನ್ನ ಪಾಲಿಗೆ ಅಲ್ಲಿ ಯಾರೂ ಇಲ್ಲ," ಅಂದಳು.

ಹಾಳೆಯ ನಡುವೆ ಇನ್ನೊಂದು ಪ್ರಶ್ನೆ ಇತ್ತು. ಹೆರಿಗೆಯ ವಿಧಾನದ ಬಗ್ಗೆ ಡಾಕ್ಟರು ನಿಮ್ಮ ಜೊತೆ ಚರ್ಚಿಸಿದ್ದಾರೆಯೇ? ಮಲ್ಲಿ ಅದರ ಮೇಲೆ ಬೆರಳಿಟ್ಟು ಗಂಡನನ್ನು ನೋಡಿದಳು. "ಆಪರೇಷನ್ ಯಾಕೆ?"

"ನನಗೆ ಗೊತ್ತಿಲ್ಲ. ಅಕ್ಕನ್ನ ಕೇಳು."

"ಅಕ್ಕನ್ನ ಕೇಳಲ್ಲ. ಡಾಕ್ಟರನ್ನೇ ಕೇಳ್ತೀನಿ. ನೀನು ಬಾ."

ಡಿಪೋಗೆ ಅರ್ಧ ದಿನ ರಜ ಹಾಕಿ ಅವನು ಬಂದ. ಡಾಕ್ಟರಮ್ಮನ ಮುಂದೆ ಕೂತವಳೇ ಮಲ್ಲಿ ತನ್ನ ಬಾಯನ್ನೂ ಅವರ ಮಾಸ್ಕನ್ನೂ ತೋರಿಸಿ, ಕೈ ಮುಗಿದಳು. ಅವರಿಗೆ ಅರ್ಥವಾಗಿ ಮಾಸ್ಕ್ ತೆಗೆದರು. ಆದರೂ ಅವರ ಮಾತು ಓಟದ್ದು. ತುಟಿ ಹಿಡಿಯುವಷ್ಟರಲ್ಲಿ ಮುಂದೆ ಹೋಗಿರುತ್ತಿತ್ತು. ಗಂಡ ನಡುವೆ ನಿಂತು ಬೆವರಿದ. ಒಂದು ಮಾತಿಗೆ ಅವನ ಬಳಿ ಸಂಜ್ಞೆಯೇ ಇರಲಿಲ್ಲ. ನೀರಿನ ಬಾಟಲಿ ತೆಗೆದು ತಲೆಕೆಳಗು ಮಾಡಿ, ಆಮೇಲೆ ಮತ್ತೆ ನೆಟ್ಟಗೆ ಹಿಡಿದು, ಮಲ್ಲಿಯ ಹೊಟ್ಟೆಯತ್ತ ಕೈ ತೋರಿಸಿದ. ಮಲ್ಲಿಗೆ ತಿಳಿಯಿತು. ಮಗುವಿನ ತಲೆ ಕೆಳಗಿರಬೇಕಿತ್ತು, ಮೇಲಿದೆ.

"ಹೊರಗಿಂದ ಕೈಯಲ್ಲಿ ಒತ್ತಿ ತಿರುಗಿಸಿ ನೋಡಬಹುದು," ಅಂದರು ಡಾಕ್ಟರಮ್ಮ. "ಎಲ್ಲರಿಗೂ ಆಗುತ್ತೆ ಅಂತಿಲ್ಲ. ತಿರುಗಿದ್ರೆ ಮಾಮೂಲಿ ಹೆರಿಗೆಗೆ ಕಾಯಬಹುದು. ಇಲ್ಲದಿದ್ರೆ ಆಪರೇಷನ್. ಇದನ್ನೆಲ್ಲ ಆವತ್ತೇ ಹೇಳಿದ್ನಲ್ಲ? ನೀವು ಬೇಡ ಅಂದಿದ್ರಿ."

ಗಂಡ ಕೊನೆಯ ಮಾತು ಕೈಯಲ್ಲಿ ಹೇಳಲೋ ಬೇಡವೋ ಅಂತ ಒಂದು ಗಳಿಗೆ ಅನುಮಾನಿಸಿದ. ಹೇಳುವ ಅಗತ್ಯ ಬೀಳಲಿಲ್ಲ. ಆ ಒಂದು ಮಾತನ್ನು ಮಲ್ಲಿ ತುಟಿಯಿಂದಲೇ ಓದಿಕೊಂಡಿದ್ದಳು.

ಆವತ್ತೇ ಅಕ್ಕನ ಮನೆಗೆ ಹೋದಳು. ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮಲ್ಲಿ ಅವಳ ಕೈಯಿಂದ ಬಟ್ಟೆ ಕಿತ್ತು ಮಂಚದ ಮೇಲೆ ಹಾಕಿದಳು. ಕೈಯಲ್ಲಿ ಬಟ್ಟೆ ಹಿಡಿದವರ ಜೊತೆ ಮಾತಾಡುವುದು ಹೇಗೆ?

"ನಾನು ಯಾವಾಗ ಬೇಡ ಅಂದೆ?"

ಅಕ್ಕನಿಗೆ ತಕ್ಷಣ ಗೊತ್ತಾಯಿತು. "ಕೇಳು. ನೋವು ಬಂದಾಗ ಈಗ ಮುಕ್ಕರಿಸು, ಈಗ ತಡಿ ಅಂತ ಅವರು ಕೂಗ್ತಾ ಇರ್ತಾರೆ. ನಿನಗೆ ಕೇಳ್ಸಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಆ ತಿರುಗಿಸೋದಂತೂ ಭಾರೀ ನೋವಂತೆ. ಸುಮ್ನೆ ಯಾಕೆ ನಿನ್ನ ಹೆದರಿಸೋದು ಅಂತ..."

"ಅಪ್ಪ ಆಸ್ಪತ್ರೆಲಿದ್ದಾಗಲೂ ಹೀಗೇ ಮಾಡಿದೆ."

ಅಕ್ಕ ಕೂತುಬಿಟ್ಟಳು. ಅಷ್ಟು ವರ್ಷ ಇಬ್ಬರೂ ಆ ಮಾತಿನ ಹತ್ತಿರ ಸುಳಿದಿರಲಿಲ್ಲ. ಅಪ್ಪನಿಗೆ ಇನ್ನು ಹೆಚ್ಚು ದಿನವಿಲ್ಲ ಅಂತ ಡಾಕ್ಟರು ಹೇಳಿದಾಗ ಮಲ್ಲಿಗೆ ಹದಿನಾಲ್ಕು. "ಭಾನುವಾರ ಮನೆಗೆ ಕಳಿಸ್ತಾರಂತೆ" ಅಂತ ಅಕ್ಕ ಹೇಳಿದ್ದಳು. ಮಲ್ಲಿ ಅಪ್ಪನ ಹಾಸಿಗೆಗೆ ಒಗೆದ ಹೊದಿಕೆ ಹಾಸಿ ಕಾದಳು. ಭಾನುವಾರ ಆಸ್ಪತ್ರೆಗೆ ಹೋದರೆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಅಪ್ಪನ ಚಪ್ಪಲಿ, ಕನ್ನಡಕ ಒಂದು ಚೀಲದಲ್ಲಿದ್ದವು.

"ನಂಗೂ ಆಗ ಹತ್ತೊಂಬತ್ತೇ ಕಣೇ," ಅಕ್ಕನ ಕೈ ನಿಧಾನವಾಗಿ ಹೇಳಿತು. "ಅಮ್ಮ ಹೇಳಬೇಡ ಅಂದ್ಲು. ಹೇಳೋಕೆ ನನ್ನ ಕೈಯೂ ಏಳಲಿಲ್ಲ."

ಮಲ್ಲಿಗೆ ಅಳು ಬರಲಿಲ್ಲ, ಸಿಟ್ಟೂ ಇಳಿಯಲಿಲ್ಲ. ಅಕ್ಕ ಸುಳ್ಳುಗಾತಿಯಲ್ಲ, ಜರಡಿ ಹಿಡಿಯುವವಳು. ತನಗೆ ಅಂತ ಬಂದದ್ದರಲ್ಲಿ ಎಷ್ಟು ಆ ಜರಡಿಯಲ್ಲೇ ನಿಂತುಬಿಟ್ಟಿದೆಯೋ ಅನ್ನಿಸಿತು. ಹೊರಟು ಬಂದಳು.

ಮಗುವನ್ನು ತಿರುಗಿಸಿ ನೋಡೋಣ ಅಂತ ತೀರ್ಮಾನಿಸಿದ್ದು ಅವಳೇ. ಗಂಡ ತಲೆದಿಂಬಿನ ಬಳಿ ನಿಂತಿದ್ದ. ಡಾಕ್ಟರಮ್ಮ ಎರಡೂ ಅಂಗೈಯಿಂದ ಹೊಟ್ಟೆ ಒತ್ತಿ ತಳ್ಳಿದರು. ಅಕ್ಕ ಹೇಳಿದ್ದರಲ್ಲಿ ನೋವಿನ ಮಾತು ಸುಳ್ಳಾಗಿರಲಿಲ್ಲ. ಮಲ್ಲಿ ಗಂಡನ ಅಂಗಿ ಹಿಂಡಿ ಹಿಡಿದಳು. ಮಗು ಸ್ವಲ್ಪ ಜರುಗಿದ ಹಾಗೆ ಮಾಡಿ, ತನ್ನ ಜಾಗಕ್ಕೇ ವಾಪಸು ಬಂದು ಕೂತಿತು. ಇನ್ನೊಮ್ಮೆ ಮಾಡಿದರು. ಮತ್ತೆ ಅದೇ. ಡಾಕ್ಟರಮ್ಮ ಕೈ ತೆಗೆದು, "ಸಾಕು, ಮಗುವಿಗೆ ಇಷ್ಟ ಇಲ್ಲ," ಅಂದರು.

ಕಾಲು ಮುಂದಾಗಿಯೇ ಹೆರುವ ದಾರಿಯೂ ಇದೆಯೇ ಅಂತ ಮಲ್ಲಿ ಕೇಳಿದಳು. ಇದೆ, ಆದರೆ ಅದರಲ್ಲಿ ಪಳಗಿದ ಕೈ ಈ ಆಸ್ಪತ್ರೆಯಲ್ಲಿ ಎಲ್ಲ ದಿನವೂ ಇರುವುದಿಲ್ಲ ಅಂತ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಮಲ್ಲಿ ಎರಡು ದಿನ ಯೋಚಿಸಿದಳು. ಹೊಟ್ಟೆಯ ಮೇಲ್ಭಾಗದಲ್ಲಿ ಗಟ್ಟಿಯಾಗಿ ಸಿಗುವ ಆ ಪುಟ್ಟ ತಲೆಯನ್ನು ಸವರುತ್ತಾ ಯೋಚಿಸಿದಳು. ಕೊನೆಗೆ ಆಪರೇಷನ್ನೇ ಆಗಲಿ ಅಂದಳು. ಅಕ್ಕ ಆರಿಸಿದ್ದೂ ಅದನ್ನೇ. ಅಂದಮೇಲೆ ಇಷ್ಟೆಲ್ಲ ಓಡಾಡಿ ಏನು ಬಂತು ಅಂತ ಗಂಡ ಬಾಯಿಬಿಟ್ಟು ಕೇಳಲಿಲ್ಲ, ಅವನ ಮುಖ ಕೇಳಿತು. ಮಲ್ಲಿ ಅಂದಳು: "ಈಗ ನಂಗೆ ಯಾಕೆ ಅಂತ ಗೊತ್ತು."

ಹಾಳೆಯನ್ನು ಮತ್ತೆ ತೆಗೆದಳು. ಆಪರೇಷನ್ ಕೋಣೆ ಅಂದರೆ ಎಲ್ಲರ ಬಾಯಿಗೂ ಮಾಸ್ಕ್. ಅಲ್ಲಿ ಅದನ್ನು ತೆಗೆಯಿರಿ ಅನ್ನುವ ಹಾಗಿಲ್ಲ. ದೊಡ್ಡ ನರ್ಸ್ ಜೊತೆ ಕೂತು ಒಂದೊಂದಾಗಿ ಬರೆದಳು. ದೀಪ ಆರಿಸಬಾರದು. ಮುಟ್ಟುವ ಮೊದಲು ಭುಜ ತಟ್ಟಬೇಕು. ಬಲಗೈಗೆ ಸೂಜಿ ಬೇಡ, ಎಡಗೈಗೆ ಹಾಕಿ. ಬಲಗೈ ಕಟ್ಟಬೇಡಿ, ನಾನು ಮಾತಾಡುವುದು ಅದರಲ್ಲಿ. ಈ ಸಾಲು ಓದಿ ದೊಡ್ಡ ನರ್ಸ್ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದರು. "ಎದೆ ಮೇಲೆ ಅಡ್ಡ ಹಸಿರು ಬಟ್ಟೆ ಕಟ್ತೀವಿ, ಕೈ ಅದನ್ನ ದಾಟಿ ಆ ಕಡೆ ಬರಬಾರದು, ಅಷ್ಟೇ. ಒಪ್ಪಿಗೇನಾ?" ಒಪ್ಪಿಗೆ.

ಒಳಗೆ ಬರಲು ಒಬ್ಬರಿಗೆ ಮಾತ್ರ ಅವಕಾಶ. ಯಾರು?

"ನಾನೇ ಇರಬೇಕು ಅಂತ ಆಸೆ," ಗಂಡ ಹೇಳಿದ. "ಆದ್ರೆ ಅಲ್ಲಿ ಬಾಟಲಿ ತಲೆಕೆಳಗು ಮಾಡ್ತಾ ಕೂರೋಕೆ ಆಗಲ್ಲ. ನನ್ನ ಕೈ ನಿಧಾನ."

ಅದನ್ನು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಅಂತ ಮಲ್ಲಿಗೆ ಕಂಡಿತು. ಅವನ ಎರಡೂ ಕೈ ಹಿಡಿದುಕೊಂಡು ಕೂತಳು. ಹಾಗೆ ಹಿಡಿದರೆ ಇಬ್ಬರಿಗೂ ಮಾತಿಲ್ಲ. ಮರುದಿನ ಅಕ್ಕನ ಅಂಚೆ ಕಚೇರಿಗೆ ಹೋಗಿ, ಕೌಂಟರಿನ ಗಾಜಿನ ಈಚೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಹೇಳಿದಳು:

"ನೀನು ಒಳಗೆ ಬಾ. ಆದ್ರೆ ಅಲ್ಲಿ ಏನು ಕೇಳಿಸುತ್ತೋ ಎಲ್ಲಾ ಹೇಳಬೇಕು. ಒಳ್ಳೇದು, ಕೆಟ್ಟದ್ದು, ಅವರವರ ಹರಟೆ, ಎಲ್ಲಾ. ಒಂದು ಬಿಟ್ರೂ ನಿನ್ನ ಮುಖ ನೋಡಲ್ಲ."

ಹಿಂದೆ ನಿಂತವರು ಗೊಣಗುತ್ತಿದ್ದರು. ಅಕ್ಕ ಗಾಜಿನ ಆಚೆಯಿಂದ, "ಆಗ್ಲಿ" ಅಂದಳು.

ಆಪರೇಷನ್ ಬೆಳಿಗ್ಗೆ ಆಯಿತು. ಸೊಂಟದಿಂದ ಕೆಳಗೆ ಮರಗಟ್ಟಿತು. ಎಡಗೈಗೆ ಸೂಜಿ, ಬಲಗೈ ಬಿಡುವಾಗಿತ್ತು. ಮಲ್ಲಿಯ ಸುತ್ತ ಬರೀ ಕಣ್ಣುಗಳು. ಅಕ್ಕ ತಲೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಕೇಳಿದ್ದನ್ನೆಲ್ಲ ಹೇಳುತ್ತಾ ಹೋದಳು. ಶುರು ಮಾಡ್ತಾರಂತೆ. ಕತ್ತರಿಸ್ತಿದಾರೆ. ಮರಗಟ್ಟೋ ಮದ್ದು ಕೊಟ್ಟ ಡಾಕ್ಟರು ತಮ್ಮ ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ ಅಂತಿದಾರೆ. ಮಲ್ಲಿಗೆ ಅಲ್ಲಿ ಮಲಗಿದ್ದೂ ನಗು ಬಂತು. ಈಗ ಒತ್ತುತ್ತಾರೆ. ಕಾಲು ಕಾಣಿಸ್ತಂತೆ. ಸೊಂಟ. ಬಂತು, ಪೂರ್ತಿ ಬಂತು. ಹೆಣ್ಣು.

ಅಲ್ಲಿಗೆ ಅಕ್ಕನ ಕೈ ನಿಂತಿತು.

ಮಲ್ಲಿ ಅವಳ ಕಣ್ಣು ನೋಡಿದಳು. ಅವು ಮೂಲೆಯ ಮೇಜಿನ ಕಡೆ ನೆಟ್ಟಿದ್ದವು. ಅಲ್ಲಿ ಇಬ್ಬರು ಬೆನ್ನು ಹಾಕಿ ಬಗ್ಗಿದ್ದರು. ಮಲ್ಲಿಯ ಬಲಗೈ ಎದ್ದಿತು. "ಹೇಳು."

ಅಕ್ಕನ ಬೆರಳುಗಳು ತೊಡೆಯ ಮೇಲೆ ಮುದುಡಿಕೊಂಡಿದ್ದವು. ಆಮೇಲೆ ಎದ್ದವು. "ಅಳ್ತಿಲ್ಲ."

"ಆಮೇಲೆ?"

"ಮೈ ಉಜ್ತಿದಾರೆ. ಉಸಿರು ತಗೋತಿಲ್ಲ. ಮೂತಿಗೆ ಒಂದು ಚಿಕ್ಕ ಬಟ್ಟಲು ಇಟ್ಟು ಗಾಳಿ ಒತ್ತಿದಾರೆ. ನನಗೆ ಬೇರೆ ಏನೂ ಗೊತ್ತಾಗ್ತಿಲ್ಲ ಮಲ್ಲಿ. ನನಗೆ ಭಯ ಆಗ್ತಿದೆ."

ಅಕ್ಕನ ಕಣ್ಣಿಂದ ನೀರು ಇಳಿದು ಮಾಸ್ಕ್ ಒದ್ದೆಯಾಯಿತು, ಆದರೆ ಕೈ ನಿಲ್ಲಲಿಲ್ಲ. ಎದೆಬಡಿತ ಇದೆ ಅಂದ್ರು. ಇನ್ನೂ ಇಲ್ಲ. ಇನ್ನೂ ಇಲ್ಲ. ಮಲ್ಲಿ ಆ ಕೈಗಳಿಂದ ಕಣ್ಣು ತೆಗೆಯಲಿಲ್ಲ. ಭಯ ಅವಳಿಗೂ ಇತ್ತು, ಹೊಟ್ಟೆ ತೆರೆದು ಮಲಗಿದವಳಿಗೆ ಇರುವಂಥ ಭಯ. ಆದರೆ ಈ ಸಲ ಅವಳು ಒಗೆದ ಹೊದಿಕೆ ಹಾಸಿ ಕಾಯುತ್ತಿರಲಿಲ್ಲ. ಎಲ್ಲರ ಜೊತೆ, ಎಲ್ಲರಿಗೂ ಗೊತ್ತಿದ್ದಷ್ಟೇ ಗೊತ್ತಿದ್ದು, ಕಾಯುತ್ತಿದ್ದಳು.

ಅಕ್ಕ ಸ್ಟೂಲಿನಿಂದ ಅರ್ಧ ಎದ್ದಳು. "ಅತ್ತಳು! ಅಳ್ತಿದಾಳೆ!"

"ಹೇಗೆ ಅಳ್ತಿದಾಳೆ?"

"ಕರ್ಕಶವಾಗಿ," ಅಂದಳು ಅಕ್ಕ. "ಕೇಳೋಕಾಗಲ್ಲ. ಹಾಗೆ."

ದೊಡ್ಡ ನರ್ಸ್ ಮಗುವನ್ನು ತಂದು ಮಲ್ಲಿಯ ಕಣ್ಣ ಮುಂದೆ ಹಿಡಿದರು. ಕೆಂಪಗೆ ಅಗಲವಾಗಿ ತೆರೆದ ಬಾಯಿ, ನಡುಗುವ ಪುಟ್ಟ ನಾಲಗೆ. ಎದೆಯ ಮೇಲೆ ಮಲಗಿಸಿದಾಗ ಆ ಅಳು ಮೂಳೆಯೊಳಗೆ ನಡುಗಿದ ಹಾಗೆ ಮಲ್ಲಿಗೆ ತಿಳಿಯಿತು. ಮಗುವಿನ ಬೆನ್ನ ಮೇಲೆ ಬಲಗೈ ಇಟ್ಟಳು. ಆಮೇಲೆ ಬಹಳ ಹೊತ್ತು ಆ ಮಾತಿನಮಲ್ಲಿ ಏನೂ ಮಾತಾಡಲಿಲ್ಲ.

ಅಕ್ಕ ಹೊರಗೆ ಹೋಗಿ ಮಲ್ಲಿಯ ಗಂಡನಿಗೆ ಸುದ್ದಿ ಹೇಳಿದಳು. ಹೆಣ್ಣು, ಚೆನ್ನಾಗಿದಾಳೆ, ಮೊದಲು ಉಸಿರಾಡಲಿಲ್ಲ, ಆಮೇಲೆ ಆಡಿದಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿದಳು.

ಈಗ ಮಗುವಿಗೆ ಏಳು ತಿಂಗಳು. ಆಸ್ಪತ್ರೆಗೆ ಮಲ್ಲಿ ಗಂಡನ ಜೊತೆಗೇ ಹೋಗುತ್ತಾಳೆ. ಅವನು ನಿಧಾನವಾದರೆ ಡಾಕ್ಟರೇ ಕಾಯಬೇಕು. ಅಕ್ಕನಿಗೆ ಅದು ಇನ್ನೂ ಪೂರ್ತಿ ಒಗ್ಗಿಲ್ಲ. "ನನ್ನ ಕರೀಲೇ ಇಲ್ವಲ್ಲ" ಅನ್ನುತ್ತಾಳೆ. "ನಿನಗೆ ರಜ ಸಿಗಲ್ಲ ಅಂತ" ಅನ್ನುತ್ತಾಳೆ ಮಲ್ಲಿ. ಕಾರಣ ಅದಲ್ಲ ಅಂತ ಇಬ್ಬರಿಗೂ ಗೊತ್ತು. ರಜದ ದಿನ ಅಕ್ಕ ಬಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಆವತ್ತಿನ ಮಾತಿಗೆ ಕಟ್ಟುಬಿದ್ದವಳ ಹಾಗೆ ಕೇಳಿದ್ದನ್ನೆಲ್ಲ ಹೇಳುತ್ತಾಳೆ. ಪಕ್ಕದ ಮನೆಯಾಕೆ ನೀನು ದಪ್ಪಗಾಗಿದೀಯ ಅಂದ್ಲು. ನಿನ್ನ ಹೊಸ ಪರದೆ ಚೆನ್ನಾಗಿಲ್ಲವಂತೆ. ಮಗುವಿಗೆ ನಿನ್ನದೇ ಮೂಗು ಬಂದುಬಿಟ್ಟಿದೆ, ಪಾಪ, ಅಂತ ನಿನ್ನ ಭಾವನೇ ಅಂದ್ರು.

ಇಷ್ಟೊಂದು ಬೇಕಿರಲಿಲ್ಲ ಅಂತ ಮಲ್ಲಿಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಸಾಕು ಅಂತ ಹೇಳಲು ಅವಳ ಕೈ ಇನ್ನೂ ಎದ್ದಿಲ್ಲ.